ಮರಗುಳಿ ಬಿಡದಿ

ಹಿರೇಕಣಿವೆಯ ಹಳೆಯ ಬಿಡದಿ ಈಗ ದೊಡ್ಡ ಹೋಟೆಲು. ಬಾಗಿಲಿಗೆ ಹೊಸ ಹೆಸರಿನ ಹಿತ್ತಾಳೆ ಫಲಕ ಹಾಕಿದ್ದಾರೆ, ಪಾಪ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಲ್ಲಿ ಒಬ್ಬರಿಗೂ ಗೊತ್ತಾಗದು. ಮರಗುಳಿ ಬಿಡದಿ ಎನ್ನಿ, ಮಕ್ಕಳೂ ಬೆರಳು ತೋರಿಸುತ್ತವೆ. ಒಳಗೆ ಹಜಾರದ ಗೋಡೆಯ ತುಂಬ ಗಾರೆಯಲ್ಲಿ ಮಾಡಿದ ಕಾಡು: ಬಿದಿರಮೆಳೆ, ಬಳ್ಳಿ, ಕೊಂಬೆ ಜಗ್ಗುವ ಮುಸುವ, ಬೇರಿನ ಮರೆಯಲ್ಲಿ ಮಲಗಿದ ಕಡವೆ. ಕಣ್ಣರಳಿಸಿಕೊಂಡು ನೋಡುತ್ತ ಬಂದವರು ನಡುಮಧ್ಯದಲ್ಲಿ ಗಕ್ಕನೆ ನಿಲ್ಲುತ್ತಾರೆ. ಅಲ್ಲಿ ಆಳೆತ್ತರದ ಮರದ ಆಕಾರಕ್ಕೆ ಗಾರೆಯನ್ನೆಲ್ಲ ಕೆರೆದು ತೆಗೆದು, ಇಟ್ಟಿಗೆ ಕಾಣುವಂತೆ ಬಿಟ್ಟಿದೆ.

ಹಿಂದೆ ಒಮ್ಮೆ, ನಾಯಕರ ಆಳ್ವಿಕೆಯಲ್ಲಿ, ಈ ಬಿಡದಿಯ ಮಾಡು ಕುಸಿದು ಬಾವಲಿಗಳ ಪಾಲಾಗಿತ್ತಂತೆ. ಹಂಪಣ್ಣನಾಯಕ ಅದನ್ನು ಮತ್ತೆ ಎತ್ತಿಸಿ, ಗುಡ್ಡದಾಚೆಯ ಕಾಡನ್ನು ಹಜಾರದ ಗೋಡೆಗೆ ಇಳಿಸು ಎಂದು ಗಾರೆಯ ಓಬಯ್ಯನಿಗೆ ವೀಳ್ಯ ಕೊಟ್ಟ. ಓಬಯ್ಯನ ಮನೆತನದಲ್ಲಿ ಒಂದು ಕಟ್ಟು: ಯಾವ ಮರ ಮಾಡಿದರೂ ಅದೇ ಮರದ ಎಲೆ ತಂದು ಹಸಿ ಗಾರೆಗೆ ಒತ್ತಬೇಕು, ನೆನಪಿನಿಂದ ಎಲೆ ತೀಡುವಂತಿಲ್ಲ. ಉಳಿದ ಎಲೆಗಳನ್ನು ಸುಣ್ಣದ ಗಾಡಿಯವರೇ ತಂದುಕೊಡುತ್ತಿದ್ದರು. ಒಂದು ಮರದ ಎಲೆಯನ್ನು ಮಾತ್ರ ತಾನೇ ತರುವೆನೆಂದು ಅವನು ಕೊನೆಗೆ ಉಳಿಸಿಕೊಂಡಿದ್ದ. ಆ ಕಾಡಿನ ನಡುವಿನ ಹಿಪ್ಪೆ ಮರ ಅದು. ಸುಣ್ಣದ ಕಲ್ಲು ಹೊರುತ್ತಿದ್ದ ಅವನ ತಾಯಿ ತಿಪ್ಪಾಜಿ ಅವನನ್ನು ಹೆತ್ತದ್ದು ಅದರ ಬುಡದಲ್ಲಿ. ಈಗ ಮುದುಕಿಗೆ ಕಣ್ಣಿಲ್ಲ, ಗುಡ್ಡ ಹತ್ತುವ ಕಸುವೂ ಇಲ್ಲ. "ಸಾಯೋದರೊಳಗೆ ಒಂದು ಸಲ ನನ್ನ ಮರ ಮುಟ್ಟಿಸೋ" ಎಂದು ದಿನಾ ಒಂದೇ ವರಾತ. ಗೋಡೆಯ ಮೇಲೆ ಮುಟ್ಟಿಸುತ್ತೇನವ್ವಾ ಎಂದು ಮಗ ಮಾತು ಕೊಟ್ಟಿದ್ದ.

ಆದರೆ ಆಸಾಮಿಗೆ ತೃಪ್ತಿ ಎಂಬುದುಂಟೆ! ಮುಸುವನ ಬಾಲ ಸರಿಬರಲಿಲ್ಲ, ಕೆರೆದುಹಾಕು. ಬಿದಿರು ಬಾಗಲಿಲ್ಲ, ಕೆರೆದುಹಾಕು. ಇನ್ನೂ ಸುಣ್ಣ ಬೇಕೆಂದು ಗುಡ್ಡದಾಚೆಯ ಕಲ್ಲು ಸುಡುವ ಗೂಡಿಗೆ ಹೇಳಿ ಕಳಿಸಿದ್ದೇ ಕಳಿಸಿದ್ದು. ಕಡೆಗೊಂದು ಬೆಳಗ್ಗೆ ಹಿಪ್ಪೆಯ ಎಲೆಗೆಂದು ಗುಡ್ಡ ದಾಟಿದ. ಅಯ್ಯೋ ಶಿವನೇ, ಕಾಡೇ ಇಲ್ಲ! ಕಣ್ಣು ಹಾಯುವಷ್ಟೂ ಬರೀ ಮೋಟುಗಳು. ಹಿಪ್ಪೆಯ ಬುಡದಲ್ಲಿ ಇನ್ನೂ ಹಾಲು ಒಸರುತ್ತಿತ್ತು. "ಯಾವ ಪಾಪಿ ಕಡಿದನೋ ಇದನ್ನ!" ಎಂದು ಅವನು ಕೂಗಿಕೊಂಡರೆ, ಸುಣ್ಣ ಸುಡುವ ಕೆಂಚಣ್ಣ ಅವನಿಗಿಂತ ಹೆಚ್ಚು ಬೆಚ್ಚಿಬಿದ್ದ. "ಒಳ್ಳೇ ಮಾತಾಯ್ತು! ಸುಣ್ಣ ಸುಣ್ಣ ಅಂತ ಜೀವ ತಿಂದೋನು ನೀನು. ಕಲ್ಲು ಬೇಯ್ಸೋಕೆ ಸೌದೆ ಆಕಾಶದಿಂದ ಉದುರುತ್ತಾ? ನಿನ್ನೆ ಬಂತಲ್ಲ ಗಾಡಿ, ಅದು ಈ ಹಿಪ್ಪೆ ಬೆಂಕೀಲಿ ಬೆಂದ ಸುಣ್ಣ."

ಓಬಯ್ಯ ಹೇಗೆ ಊರು ಸೇರಿದನೋ ಅವನಿಗೇ ತಿಳಿಯದು. ನೆನಪಿನಿಂದ ಮಾಡಿ ಮುಗಿಸು ಎಂದು ನಾಯಕ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ನಡುವಿನ ಗಾರೆಯನ್ನು ಮರದ ಆಕಾರಕ್ಕೆ ಇಟ್ಟಿಗೆಯ ತನಕ ಕೆರೆದ. ಆಮೇಲೆ ತಾಯಿಯ ಕೈಹಿಡಿದು ಕರೆತಂದ. ಮುದುಕಿ ಎಲೆಎಲೆಯನ್ನೂ ಸವರುತ್ತ ಹಿಗ್ಗುತ್ತ ಬಂದವಳು, ಕೈ ಗುಳಿಗೆ ಇಳಿದೊಡನೆ ಬೆದರಿ ನಿಂತಳು.

"ಎಲ್ಲೋ ಮಗಾ, ನನ್ನ ಮರ?"

"ಇಷ್ಟು ಹೊತ್ತು ಮುಟ್ಟಿದೆಯಲ್ಲವ್ವಾ, ಆ ಗಾರೆಯ ಸುಣ್ಣಕ್ಕೆ ಕಾಡೆಲ್ಲ ಉರಿದುಹೋಯ್ತು. ನಿನ್ನ ಮರ ನಿನ್ನೆ ಬಂದ ಗಾಡಿಯ ಸುಣ್ಣಕ್ಕೆ. ನಾನೇ ಸುಡಿಸಿಬಿಟ್ಟೆ" ಎಂದು ಓಬಯ್ಯ ಗೋಳೋ ಎಂದು ಅತ್ತ.

ತಿಪ್ಪಾಜಿ ಆ ನಿನ್ನೆಯ ಗಾಡಿಯ ಸುಣ್ಣ ಕಲಸಿ ತರಿಸಿ, ಗುಳಿಯ ಬುಡಕ್ಕೆ ಮೆತ್ತಿಸಿ, ಎಲೆ ಒತ್ತಬೇಕಾದಲ್ಲಿ ತನ್ನ ಅಂಗೈ ಒತ್ತಿದಳಂತೆ. ಅದು ಇಂದಿಗೂ ಇದೆ. ಹೋಟೆಲಿಗೆ ಬಂದವರು ಬಗ್ಗಿ ಅದರ ಮೇಲೆ ತಮ್ಮ ಕೈಯಿಟ್ಟು ನೋಡುತ್ತಾರೆ. ಆಮೇಲೆ ಕಿಟಕಿಯತ್ತ ಹೋಗಿ, ಆ ಕಾಡು ಎಲ್ಲಿದೆ ಎಂದು ಕೇಳುತ್ತಾರೆ.