ಹೊಟ್ಟೆಯ ಮೇಲೆ ಹೆಸರಿದ್ದ ಚೊಂಬು

ಸರ್ವಮಂಗಳಮ್ಮ ಪಾಠಕ್ಕೆ ಬರುವ ಹೊಸಬರಿಗೆ ಇಂಗ್ಲಿಷ್ ಹೇಳಿಕೊಡುವಾಗ ಮನೆಯ ಸ್ಟೀಲ್ ಚೊಂಬನ್ನು ಎತ್ತಿ ಹಿಡಿದು, "ಐ ಹ್ಯಾವ್ ಎ ಚೊಂಬು. ಡು ಯು ಹ್ಯಾವ್ ಎ ಚೊಂಬು?" ಎಂದು ಕೇಳುತ್ತಿದ್ದರು. ಹದಿನೈದು ದಿನ ಹೀಗೆ ಎತ್ತಿಸಿಕೊಂಡ ಮೇಲೆ ಚೊಂಬಿಗೆ ಕೊಂಬು ಬಂತು.

ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತು ಅದು ತೆಂಗಿನ ನಾರನ್ನು ಕೇಳಿತು: "ಡು ಯು ಹ್ಯಾವ್ ಎ ನೇಮ್?"

"ಇಲ್ಲ," ಎಂದಿತು ನಾರು, ತಿಕ್ಕುತ್ತಲೇ.

"ಐ ಹ್ಯಾವ್! ನನ್ನ ಹೊಟ್ಟೆಯ ಮೇಲೆ ಓದು. ಸರ್ವಮಂಗಳಮ್ಮ ಅಂತ ಕೊರೆದಿದೆ. ಈ ಹೆಸರು ನನ್ನದು, ಈ ಮನೆಯೂ ನನ್ನದು. ಗತಿಗೆಟ್ಟ ನಾರೇ, ನಿನ್ನ ಹತ್ತಿರ ಏನಿದೆ?"

"ನಿನ್ನ ಮಜ್ಜಿಗೆಯ ಜಿಡ್ಡಿದೆ. ಅಲ್ಲಯ್ಯ, ಹೆಸರು ಕೊರೆಸಿದ್ದು ನಿನಗೆ ಮರ್ಯಾದೆ ಮಾಡಲಿಕ್ಕೆ ಅಂದುಕೊಂಡೆಯಾ? ಯಾರದೋ ಮದುವೆಮನೆಗೆ ಎರವಲು ಹೋದರೆ ತಿರುಗಿ ಇವರ ಮನೆಗೇ ಬರಲಿ ಅಂತ."

ಚೊಂಬು ಸಿಟ್ಟಿನಿಂದ ಕೊಸರಿಕೊಂಡಿತು, ಕಲ್ಲಿನಿಂದ ಉರುಳಿ ಬಿತ್ತು, ಹೊಟ್ಟೆ ನೆಗ್ಗಿಸಿಕೊಂಡಿತು.

ಸಂಜೆ ಪಾತ್ರೆ ಮಾರುವವನು ಬಂದ. "ಈ ನೆಗ್ಗಿದ್ದನ್ನ ತಗೊಂಡು ಹೊಸದು ಕೊಡಪ್ಪ," ಎಂದರು ಸರ್ವಮಂಗಳಮ್ಮ. "ಅದರ ಮೇಲೂ ಮರೀದೆ ನನ್ನ ಹೆಸರು ಕೊರೆದುಕೊಡು."

"ಅದು ನನ್ನ ಹೆಸರು!" ಎಂದು ಹಳೆಯ ಚೊಂಬು ಗೋಣಿಚೀಲದೊಳಗಿಂದ ಬೊಬ್ಬೆ ಹೊಡೆಯಿತು. ಅವನು ಚೀಲದ ಬಾಯಿ ಕಟ್ಟಿ ಹೊರಟ.

ಮರುದಿನ ಪಾಠ ಮುಗಿಸಿ ಬಂದ ಹೊಸ ಚೊಂಬು, ಕಲ್ಲಿನ ಮೇಲೆ ಕೂತ ಕೂಡಲೇ ನಾರನ್ನು ಕೇಳಿತು: "ಡು ಯು ಹ್ಯಾವ್ ಎ ನೇಮ್?"

"ಹೊಟ್ಟೆ ಈ ಕಡೆ ತಿರುಗಿಸು," ಎಂದಿತು ನಾರು. "ಮೊದಲು ಅದನ್ನೇ ತಿಕ್ಕಬೇಕು."