ಆಸ್ಥಾನದ ಶತ್ರು

ಹಂಸಗಿರಿಯ ದೊರೆ ಗುಂಡಪ್ಪ ನಾಯಕನ ದಳವಾಯಿ ಮುದ್ದವೀರನಿಗೆ ತನ್ನ ಸೈನ್ಯವೆಂದರೆ ಭಾರೀ ಹೆಮ್ಮೆ. ಅಜ್ಜ ಕಟ್ಟಿದ ಸೈನ್ಯ, ಅಪ್ಪ ಬೆಳೆಸಿದ ಸೈನ್ಯ. ಅವನು ಅದರಲ್ಲಿ ಕೂದಲೆಳೆಯಷ್ಟನ್ನೂ ಬದಲಿಸಿರಲಿಲ್ಲ.

ಪಕ್ಕದ ಸೀಮೆಯವರು ಹೊಸ ತೋಪು ತರಿಸಿ ಹೊಸ ಥರದ ಕುದುರೆಪಡೆ ಕಟ್ಟುತ್ತಿದ್ದಾರೆಂಬ ಸುದ್ದಿ ಬಂದ ದಿನ ಆಸ್ಥಾನದಲ್ಲಿ ಎಲ್ಲರ ಮುಖ ಬಾಡಿತು. ಮುದ್ದವೀರ ಮಾತ್ರ ಮೀಸೆ ತಿರುವಿದ.

"ಪ್ರಭು, ಚಿಂತೆ ಬಿಡಿ. ನಮ್ಮ ನಗಾರಿ ನುಡಿದರೆ ಸಾಕು, ಇಡೀ ಸೈನ್ಯ ಒಂದೇ ಆಳಿನ ಹಾಗೆ ನಡೆಯುತ್ತದೆ. ಯಾಕೆ, ಏನು ಅಂತ ಒಬ್ಬನೂ ಕೇಳುವುದಿಲ್ಲ."

"ಒಬ್ಬನೂ?" ಎಂದ ತಿಪ್ಪರಸ. ಅವನು ದೊರೆಗೆ ಬೇಕಾದವನು, ನಾಲಿಗೆ ಚುರುಕಿನವನು.

"ನಮ್ಮಜ್ಜನ ಕಾಲದಿಂದ ಕೇಳಿಲ್ಲ."

"ಹಾಗಾದರೆ ನಮ್ಮ ಸೈನ್ಯ ಗೆಲ್ಲುವುದು ಸ್ವಲ್ಪ ಕಷ್ಟವೇ."

ಮುದ್ದವೀರನಿಗೆ ಮೈಯೆಲ್ಲ ಉರಿಯಿತು. "ಕಷ್ಟವಾದರೆ ನೀವೇ ನಮ್ಮನ್ನು ಗೆದ್ದು ತೋರಿಸಿ ಸ್ವಾಮಿ. ಕೋಟೆ ಮುಂದಿನ ಬಯಲಲ್ಲಿ ಬಾವುಟ ನೆಡುತ್ತೇನೆ, ಇಡೀ ಸೈನ್ಯ ಕಾಯುತ್ತದೆ. ಸೂರ್ಯ ಮುಳುಗುವುದರೊಳಗೆ ಕಿತ್ತು ತನ್ನಿ. ಆಗದಿದ್ದರೆ ಸಾಯುವ ತನಕ ಆನೆಲಾಯದಲ್ಲಿ ಲದ್ದಿ ಬಾಚಬೇಕು."

"ಅವನು ಗೆದ್ದರೆ ಸೈನ್ಯದ ವಿಚಾರದಲ್ಲಿ ನೀನು ಅವನ ಮಾತು ಕೇಳಬೇಕು," ಎಂದ ದೊರೆ. "ತಿಪ್ಪರಸ, ನಿನಗೆಷ್ಟು ಜನ ಬೇಕು?"

"ನಮ್ಮ ಷಡ್ಡಕ ಒಬ್ಬ ಇದ್ದರೆ ಸಾಕು ಪ್ರಭು."

ಆಸ್ಥಾನವೆಲ್ಲ ನಕ್ಕಿತು. ಮುದ್ದವೀರ ಎಲ್ಲರಿಗಿಂತ ಜೋರಾಗಿ ನಕ್ಕ.

ಗೊತ್ತುಮಾಡಿದ ದಿನ ಬೆಳಿಗ್ಗೆ ಬಾವುಟದ ಮುಂದೆ ಆನೆಗಳ ಸಾಲು, ಅದರ ಹಿಂದೆ ಈಟಿಯವರು, ಬಿಲ್ಲಿನವರು. ಮುದ್ದವೀರ ಕುದುರೆಯ ಮೇಲೆ ಕೂತು ಕಾದ. ತಿಪ್ಪರಸ ಬಯಲಿನ ಅಂಚಿಗೆ ಕಮಾನುಗಾಡಿಯೊಂದನ್ನು ತಂದು ನಿಲ್ಲಿಸಿ, ಹುಣಸೆಮರದ ನೆರಳಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತುಬಿಟ್ಟ. ಬಿಸಿಲೇರಿತು. ಆಳುಗಳು ಬೆವೆತರು. ಆನೆಲಾಯದಲ್ಲಿ ತಿಪ್ಪರಸನಿಗೆ ಯಾವ ಮೂಲೆ ಕೊಡಬೇಕೆಂದು ಮುದ್ದವೀರ ಯೋಚಿಸತೊಡಗಿದ.

ಆಗ ಗಾಡಿಯೊಳಗಿಂದ ಷಡ್ಡಕನ ನಗಾರಿ ಕೇಳಿಸಿತು.

ಊಟದ ನಗಾರಿ.

ಈಟಿಯವರು ಈಟಿಯನ್ನು ನೆಲಕ್ಕೆ ನೆಟ್ಟು ಅಡುಗೆ ಡೇರೆಯ ಕಡೆ ತಿರುಗಿದರು. ಬಿಲ್ಲಿನವರು ಅವರ ಹಿಂದೆಯೇ ಹೊರಟರು. ಆನೆಗಳಿಗೂ ಆ ಸದ್ದು ಗೊತ್ತು. ಮಾವುತರು ಅಂಕುಶ ಎತ್ತುವ ಮೊದಲೇ ಅವು ಮುದ್ದೆಯ ಕಡೆ ಹೆಜ್ಜೆ ಹಾಕಿದವು.

"ನಿಲ್ಲಿ, ನಿಲ್ಲಿ" ಎಂದು ಮುದ್ದವೀರ ಕೂಗಿದ. ಯಾರೂ ನಿಲ್ಲಲಿಲ್ಲ. ಬಾಯಿಮಾತಿಗೆ ಕಿವಿಗೊಡಬಾರದು, ನಗಾರಿಗೆ ಮಾತ್ರ ಕಾಲು ಎತ್ತಬೇಕು ಎಂದು ಕಲಿಸಿದವನು ಅವನೇ. "ನಿಲ್ಲುವ ನಗಾರಿ ಬಾರಿಸೋ" ಎಂದು ತನ್ನ ನಗಾರಿಯವನತ್ತ ತಿರುಗಿದರೆ, ಅವನು ಕೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ.

ತಿಪ್ಪರಸ ನಿಧಾನವಾಗಿ ನಡೆದು ಬಂದ. "ದಳವಾಯಿಗಳೇ, ಈ ಶಾಲು ಸ್ವಲ್ಪ ಹಿಡಿದಿರಿ," ಎಂದು ಮುದ್ದವೀರನ ಕೈಗೆ ಕೊಟ್ಟು ಬಾವುಟ ಕಿತ್ತುಕೊಂಡ.

ಸಂಜೆ ಆಸ್ಥಾನದಲ್ಲಿ ಮುದ್ದವೀರನ ಮುಖ ಕೆಂಪಗಾಗಿತ್ತು. "ಇದು ಮೋಸ ಪ್ರಭು. ಇದುವರೆಗೆ ಯಾವ ಶತ್ರುವೂ ನಮಗೆ ಹೀಗೆ ಮಾಡಿಲ್ಲ."

"ಮಾಡಿದ್ದರೆ, ಮಾಡಿಲ್ಲ ಅಂತ ಹೇಳುವುದಕ್ಕೆ ನಾವು ಯಾರೂ ಉಳಿದಿರುತ್ತಿರಲಿಲ್ಲ," ಎಂದ ತಿಪ್ಪರಸ.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ತನ್ನ ಕೈಯ ಕಡಗ ಬಿಚ್ಚಿ ತಿಪ್ಪರಸನಿಗೆ ತೊಡಿಸಿದ. "ಇವತ್ತಿನಿಂದ ನೀನು ಈ ಆಸ್ಥಾನದ ಶತ್ರು. ನಮ್ಮ ಸೈನ್ಯವನ್ನು ಆಗಾಗ ಹೊಸ ಹೊಸ ಥರದಲ್ಲಿ ಸೋಲಿಸುತ್ತಿರುವುದೇ ನಿನ್ನ ಕೆಲಸ. ಹೊರಗಿನವನು ಕಲಿಸುವ ಮೊದಲು ನಮ್ಮವನೇ ಕಲಿಸಲಿ."

ಸಭೆ ಮುಗಿದ ಮೇಲೆ ಮುದ್ದವೀರ ಕಂಬದ ಮರೆಯಲ್ಲಿ ಕಾದಿದ್ದ. ಅಪ್ಪ, ಅಜ್ಜ ಇಬ್ಬರೂ ನೆನಪಾಗಿ ಮನಸ್ಸು ಸಣ್ಣಗಾಗಿತ್ತು. ಆದರೂ ತಿಪ್ಪರಸನ ತೋಳು ಹಿಡಿದು ಮೆಲ್ಲಗೆ ಕೇಳಿದ:

"ಮುಂದಿನ ಸಲ ಎಲ್ಲಿಂದ ಬರ್ತೀರಿ? ನನಗೊಬ್ಬನಿಗೆ ಹೇಳಿಬಿಡಿ."

"ಅದಕ್ಕೇನಂತೆ, ಹೇಳ್ತೀನಿ," ಎಂದ ತಿಪ್ಪರಸ. "ಆದರೆ ದಳವಾಯಿಗಳೇ, ಶತ್ರು ಹೇಳಿದ್ದನ್ನ ನೀವು ನಂಬ್ತೀರಾ?"