ಕೂಗಿದ ಕಪ್ಪೆ, ಸುಮ್ಮನಿದ್ದ ಆಮೆ

ಬಿರುಬೇಸಿಗೆಯಲ್ಲಿ ಒಂದು ಎಮ್ಮೆ ಬಾಯಾರಿದ ಕರುವನ್ನು ಕಟ್ಟಿಕೊಂಡು ನೀರು ಹುಡುಕುತ್ತ ಹೊರಟಿತ್ತು. ಗುಡ್ಡದ ಕೆಳಗೆ ಕಪ್ಪೆಯೊಂದು, "ಬನ್ನಿ, ಬನ್ನಿ! ಇಂಥ ಹೊಂಡ ಮೂರು ಲೋಕದಲ್ಲಿಲ್ಲ!" ಎಂದು ಕೂಗುತ್ತಿತ್ತು.

"ನೀರು ಎಷ್ಟಿದೆ?" ಎಂದು ಎಮ್ಮೆ ಮೇಲಿನಿಂದಲೇ ಕೇಳಿತು.

"ಚಂದ್ರನೇ ಇಲ್ಲಿ ಮುಖ ನೋಡಿಕೊಳ್ಳುತ್ತಾನೆ!"

"ಅದಿರಲಿ, ನೀರು ಎಷ್ಟಿದೆ?"

"ಆನೆಗಳೇ ಹೊಗಳಿವೆ!"

ಎಮ್ಮೆಗೆ ರೇಗಿತು. ಆದರೂ ಕರುವಿನ ಮುಖ ನೋಡಿ ಗುಡ್ಡ ಇಳಿಯಿತು. ಅಲ್ಲಿದ್ದದ್ದು ಗೊರಸು ಮುಳುಗದಷ್ಟು ಕೆಸರು. ಏದುಸಿರು ಬಿಡುತ್ತ ಮರಳಿ ಹತ್ತಿದಾಗ, ಬೆಳಗ್ಗೆ ತಾವು ದಾಟಿ ಬಂದಿದ್ದ ಪೊದೆಯ ಹಿಂದೆಯೇ ತುಂಬಿದ ಕೆರೆ ಕಂಡಿತು. ದಡದಲ್ಲಿ ಆಮೆ ಕೂತಿತ್ತು.

"ಬೆಳಗ್ಗೆ ನಾವು ಹೋಗುವುದನ್ನು ನೀನು ನೋಡಲಿಲ್ಲವೇ?"

"ನೋಡಿದೆ. ಒಳ್ಳೆಯ ನೀರಿಗೆ ಡಂಗುರ ಬೇಕಿಲ್ಲ," ಎಂದಿತು ಆಮೆ ಹೆಮ್ಮೆಯಿಂದ.

ಎಮ್ಮೆಯ ಸಹನೆಯ ಕಟ್ಟೆ ಒಡೆಯಿತು. "ಆ ಕಪ್ಪೆ ಇಲ್ಲದ್ದನ್ನು ಹೇಳಿತು, ನೀನು ಇದ್ದದ್ದನ್ನೂ ಹೇಳಲಿಲ್ಲ. ನನ್ನ ಕರುವಿನ ನಾಲಿಗೆ ಒಣಗಿದ್ದರಲ್ಲಿ ನಿಮ್ಮಿಬ್ಬರದೂ ಪಾಲಿದೆ!"

ಕರು ಹೊಟ್ಟೆತುಂಬ ಕುಡಿದ ಮೇಲೆ ಎಮ್ಮೆ ದಿಬ್ಬ ಹತ್ತಿ ಕೂಗಿತು: "ಇಲ್ಲಿ ಎದೆಮಟ್ಟ ನೀರಿದೆ! ಎಡದಂಡೆ ಜಾರುತ್ತದೆ, ಬಲಗಡೆಯಿಂದ ಇಳಿಯಿರಿ!"

"ಜಾರುವುದನ್ನೂ ಹೇಳಿದರೆ ಯಾರು ಬರುತ್ತಾರೆ?" ಎಂದು ಕೆಳಗಿನಿಂದ ಕಪ್ಪೆ ನಕ್ಕಿತು.

ಸಂಜೆಯೊಳಗೆ ಬಂದ ದನಕರುಗಳೆಲ್ಲ ಬಲಗಡೆಯಿಂದಲೇ ಇಳಿದವು.